ವಿಳಾಸದ ಕಾಲಂನಲ್ಲಿ ಏನು ಬರೀಲಿ, ಮೇಡಂ?

2023ರ ಮೇ 10. ವಿಧಾನಸಭೆ ಚುನಾವಣೆ. ಮೂಡಿಗೆರೆ ಕಡೆಯ ಒಂದು ಹಳ್ಳಿ ಶಾಲೆಯ ಬೂತಿಗೆ ನನ್ನನ್ನು ಪಿಆರ್‌ಒ, ಅಂದರೆ ಬೂತಿನ ಮುಖ್ಯ ಅಧಿಕಾರಿ, ಆಗಿ ಹಾಕಿದ್ದರು. ಹಿಂದಿನ ದಿನ ಮಸ್ಟರಿಂಗ್, ಅಂದರೆ ಯಂತ್ರ, ಸಾಮಗ್ರಿ ಪಡೆಯುವ ಕೆಲಸ, ಮುಗಿಸಿ, ಯಂತ್ರಗಳ ಪೆಟ್ಟಿಗೆಗಳನ್ನು ಕಾಲ ಬಳಿ ಇಟ್ಟುಕೊಂಡು, ಸಂಜೆ ಹೊತ್ತಿಗೆ ಅಲ್ಲಿಗೆ ತಲುಪಿದ್ದೆವು. ರಾತ್ರಿ ಬಿಸಿಯೂಟದ ಅಡುಗೆಯವರು ಅನ್ನ, ಸಾರು, ಉಪ್ಪಿನಕಾಯಿ ಕೊಟ್ಟರು. ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಏಜೆಂಟರ ಎದುರು ಐವತ್ತು ಮತ ಹಾಕಿಸಿ, ಲೆಕ್ಕ ತಾಳೆ ನೋಡಿ, ಅವನ್ನೆಲ್ಲ ಅಳಿಸಿ, ಸೀಲ್ ಮಾಡಿ, ಏಳಕ್ಕೆ ಬಾಗಿಲು ತೆಗೆದೆವು.

ಹನ್ನೊಂದೂವರೆ ಇರಬಹುದು. ಒಬ್ಬ ಹುಡುಗ ಬಂದ. ಬೆನ್ನಿಗೆ ಬ್ಯಾಗು, ನಿದ್ದೆಗೆಟ್ಟು ಕೆಂಪಾದ ಕಣ್ಣು. ಬೆಂಗಳೂರಿಂದ ರಾತ್ರಿಯೆಲ್ಲ ಬಸ್ಸಲ್ಲಿ ನಿಂತೇ ಬಂದಿದ್ದಾನೆ ಅಂತ ಜೊತೆಗಿದ್ದ ಅವನ ತಾಯಿ ಹೇಳಿದರು. ಇಂಜಿನಿಯರಿಂಗ್ ಕೊನೆ ವರ್ಷ. ವೋಟರ್ ಐಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸಾಲಲ್ಲಿ ನಿಂತಿದ್ದ. ನಮ್ಮ ಪೋಲಿಂಗ್ ಆಫೀಸರ್ ಪಟ್ಟಿಯಲ್ಲಿ ಹುಡುಕಿದರು. ಇನ್ನೊಮ್ಮೆ ಹುಡುಕಿದರು. ಪೂರಕ ಪಟ್ಟಿಯ ಹಾಳೆ ತಿರುವಿದರು. ಅಮ್ಮನ ಹೆಸರಿದೆ, ಅಪ್ಪನ ಹೆಸರಿದೆ, ಅಜ್ಜಿಯ ಹೆಸರಿದೆ. ಅವನ ಹೆಸರಿಲ್ಲ.

"ಕಾರ್ಡ್ ಇದೆಯಲ್ಲ ಮೇಡಂ" ಅಂದ.

ಕಾರ್ಡ್ ಇದ್ದರೆ ಸಾಲದು. ನೀವು ಯಾರು ಅನ್ನುವುದಕ್ಕೆ ಕಾರ್ಡ್ ಸಾಕ್ಷಿ. ನಿಮ್ಮ ಮತ ಇರುವುದು ಪಟ್ಟಿಯಲ್ಲಿ. ಕಾರ್ಡ್ ಮರೆತು ಬಂದವರು ಆಧಾರ್ ತೋರಿಸಿಯೋ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ತೋರಿಸಿಯೋ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಯಾವ ಕಾರ್ಡೂ ನೆರವಿಗೆ ಬರುವುದಿಲ್ಲ. ಹೊರಗೆ ಕೂತಿದ್ದ ಬಿಎಲ್‌ಒ (ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು), ಆ ಊರಿನ ಅಂಗನವಾಡಿ ಕಾರ್ಯಕರ್ತೆ, ಮೊಬೈಲಲ್ಲಿ ಅವನ ನಂಬರ್ ಹಾಕಿ ನೋಡಿದರು. ಹೆಸರು ಬೆಂಗಳೂರಿನ ಒಂದು ಕ್ಷೇತ್ರದಲ್ಲಿ ಸಿಕ್ಕಿತು.

ಅವನಿಗೆ ಆಗ ನೆನಪಾಯಿತು. ಹಿಂದಿನ ವರ್ಷ ಕಾಲೇಜಿನಲ್ಲಿ ಯಾರೋ ಬಂದು ಫಾರಂ ತುಂಬಿಸಿದ್ದರು. ಗೆಳೆಯರೆಲ್ಲ ಪಿಜಿ ವಿಳಾಸ ಹಾಕಿದರು, ಇವನೂ ಹಾಕಿದ. "ಸುಮ್ನೆ ಎಲ್ಲರೂ ತುಂಬಿದ್ವಿ ಮೇಡಂ" ಅಂದ. ಅಲ್ಲಿ ಹೆಸರು ಸೇರಿತು, ಇಲ್ಲಿ ತೆಗೆದರು. ನಿಯಮ ಇರುವುದೇ ಹಾಗೆ. ಕೂಡಲೇ ವಾಪಸ್ ಬಸ್ಸು ಹತ್ತಿದರೂ ಸಂಜೆ ಆರರೊಳಗೆ ಬೆಂಗಳೂರು ಮುಟ್ಟುವ ಹಾಗಿರಲಿಲ್ಲ. ಶಾಲೆಯ ಅಂಗಳದ ಹಲಸಿನ ಮರದ ಕೆಳಗೆ ತುಂಬಾ ಹೊತ್ತು ನಿಂತಿದ್ದ. ತಾಯಿಯ ಬೆರಳಿಗೆ ಶಾಯಿ ಬಿದ್ದಿತ್ತು. ಅವರು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು.

ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಜನವರಿ 25ಕ್ಕೆ ಮತದಾರರ ದಿನ ಮಾಡುತ್ತೇವೆ. 1950ರ ಆ ದಿನ ಚುನಾವಣಾ ಆಯೋಗ ಶುರುವಾಯಿತು, 2011ರಿಂದ ಅದನ್ನೇ ಮತದಾರರ ದಿನ ಅಂತ ಆಚರಿಸುತ್ತಿದ್ದಾರೆ. ರಂಗೋಲಿ, ಜಾಥಾ, ಪ್ರತಿಜ್ಞೆ ಎಲ್ಲ ಇರುತ್ತದೆ. "ಮತದಾನ ಪವಿತ್ರ ಕರ್ತವ್ಯ" ಅಂತ ನಾನೇ ಮೈಕಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಹುಡುಗನಿಗೆ ಕರ್ತವ್ಯ ಯಾರೂ ಹೇಳಿಕೊಡಬೇಕಿರಲಿಲ್ಲ. ಇಡೀ ರಾತ್ರಿ ನಿಂತು ಬಂದಿದ್ದ. ಫಾರಂ ತುಂಬುವ ದಿನ ಯಾರಾದರೂ ಪಕ್ಕದಲ್ಲಿ ಕೂತು "ನಿನ್ನ ಊರು ಯಾವುದಪ್ಪ, ಯೋಚನೆ ಮಾಡಿ ಬರಿ" ಅಂದಿದ್ದರೆ ಸಾಕಿತ್ತು.

ಆವತ್ತಿನಿಂದ ನಾನು ಭಾಷಣ ಕಮ್ಮಿ ಮಾಡಿದೆ. ಮಕ್ಕಳ ಜೊತೆ ಕೂತು ಫಾರಂ ತುಂಬಿಸುವುದು ಜಾಸ್ತಿ ಮಾಡಿದೆ. ಪಟ್ಟಿಗೆ ಹೊಸದಾಗಿ ಸೇರುವ ಫಾರಂ 6ರಲ್ಲಿ ಹೆಸರು, ಹುಟ್ಟಿದ ದಿನ ಎಲ್ಲ ಸಲೀಸಾಗಿ ಬರೆಯುತ್ತಾರೆ. ವಿಳಾಸದ ಕಾಲಂಗೆ ಬಂದಾಗ ಪೆನ್ನು ನಿಲ್ಲುತ್ತದೆ. "ಹಾಸ್ಟೆಲ್ದು ಬರೀಲಾ, ಮನೇದು ಬರೀಲಾ ಮೇಡಂ?" ಈ ಪ್ರಶ್ನೆಯನ್ನು ಕೇಳದ ಬ್ಯಾಚ್ ಇಲ್ಲ. ಮೊದಲೆಲ್ಲ "ಯಾವುದಾದರೂ ಒಂದು ಬರಿ" ಅಂದುಬಿಡುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ.

ಕಾನೂನಿನಲ್ಲಿ ಇದಕ್ಕೊಂದು ಮಾತಿದೆ: ಸಾಮಾನ್ಯ ನಿವಾಸಿ. 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಬರುತ್ತದೆ. ನೀವು ಎಲ್ಲಿ ಸಾಮಾನ್ಯವಾಗಿ ವಾಸ ಮಾಡುತ್ತೀರೋ ಅಲ್ಲಿ ನಿಮ್ಮ ಮತ. ಅದೇ ಕಾಯ್ದೆ ಇನ್ನೆರಡು ವಿಷಯ ಹೇಳುತ್ತದೆ. ಒಂದು ಕಡೆ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ನೀವು ಅಲ್ಲಿಯ ನಿವಾಸಿ ಆಗುವುದಿಲ್ಲ. ಸ್ವಲ್ಪ ಕಾಲ ಬೇರೆ ಕಡೆ ಹೋಗಿದ್ದೀರಿ ಅನ್ನುವ ಕಾರಣಕ್ಕೆ ನಿಮ್ಮ ಊರಿನ ನಿವಾಸಿ ಅಲ್ಲ ಅಂತಲೂ ಆಗುವುದಿಲ್ಲ. ಕಾಫಿ ತೋಟಗಳ ಈ ಜಿಲ್ಲೆಯಲ್ಲಿ ಕೂತು ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಬಂಗಲೆ ಕಟ್ಟಿಸಿ ವರ್ಷಕ್ಕೆರಡು ಸಲ ಬಂದು ಹೋಗುವವರಿಗೆ ಇಲ್ಲಿ ಮತ ಇಲ್ಲದೆ ಇರಬಹುದು. ಅದೇ ತೋಟದ ಲೈನ್ ಮನೆಯಲ್ಲಿ ಮಲಗುವ ಕೂಲಿಯವರಿಗೆ ಇದೆ.

ಯಾವಾಗಲೂ ಹೀಗಿರಲಿಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳುತ್ತೇನೆ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ 144 ಮಂದಿ ಸದಸ್ಯರು ಸೇರಿದ್ದರು. ಅದು ದೊಡ್ಡ ಹೆಜ್ಜೆಯೇ. ಆದರೆ ಅಲ್ಲಿ ಕೂತವರು ಜಮೀನುದಾರರು, ವ್ಯಾಪಾರಸ್ಥರು. ನನ್ನ ಕ್ಲಾಸಲ್ಲಿ ಕೂರುವ ಮಕ್ಕಳ ಮುತ್ತಜ್ಜ ಮುತ್ತಜ್ಜಿಯರಲ್ಲಿ ಹೆಚ್ಚಿನವರಿಗೆ ಆ ಬಾಗಿಲು ಇರಲೇ ಇಲ್ಲ. ಎಲ್ಲರಿಗೂ ಮತ ಅಂತ ಸಂವಿಧಾನ ಬರೆದ ಮೇಲೆ 1951-52ರಲ್ಲಿ ಮೊದಲ ಚುನಾವಣೆ ನಡೆಯಿತು. ಆಗ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಅವರು ತಮ್ಮ ಹೆಸರು ಹೇಳಿರಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದ್ದರು. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯರೂ ತಲೆ ಎತ್ತುತ್ತಾರೆ.

ನನ್ನದೇ ಒಂದು ಮಾತು ಹೇಳುತ್ತೇನೆ. ನನ್ನ ತವರು ಹಾಸನ ಜಿಲ್ಲೆ, ಅರಸೀಕೆರೆ ತಾಲ್ಲೂಕು. ಮದುವೆಯಾಗಿ ಇಲ್ಲಿಗೆ ಬಂದು ಆರು ವರ್ಷ ಆದರೂ ನನ್ನ ಹೆಸರು ತವರಿನ ಪಟ್ಟಿಯಲ್ಲೇ ಇತ್ತು. ಚುನಾವಣೆಗೆ ಊರಿಗೆ ಹೋಗುವುದು ಅಂದರೆ ಅಮ್ಮನನ್ನು ನೋಡಿ ಬರುವ ಖುಷಿ. ಆದರೆ ನಾನು ಕುಡಿಯುತ್ತಿದ್ದದ್ದು ಇಲ್ಲಿಯ ನಲ್ಲಿ ನೀರು. ನನ್ನ ಮಗಳು ನಡೆಯುತ್ತಿದ್ದದ್ದು ಇಲ್ಲಿಯ ರಸ್ತೆಯಲ್ಲಿ. ಒಂದು ಬೇಸಿಗೆಯಲ್ಲಿ ನಮ್ಮ ಬೀದಿಗೆ ನೀರು ಸರಿಯಾಗಿ ಬರದಿದ್ದಾಗ ವಾರ್ಡಿನ ಸದಸ್ಯರು ಯಾರು ಅಂತ ಕೂಡ ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಆಂಟಿಗೆ ಗೊತ್ತಿತ್ತು. ಅವರು ಐದನೇ ಕ್ಲಾಸು. ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಆ ವಾರವೇ ವಿಳಾಸ ಬದಲಾವಣೆಯ ಫಾರಂ 8 ಕೊಟ್ಟು ಹೆಸರನ್ನು ಇಲ್ಲಿಗೆ ತಂದುಕೊಂಡೆ. ಬರೆಯುವಾಗ ಕಣ್ಣಲ್ಲಿ ನೀರು ಬಂತು, ನಿಜ. ತವರಿನ ಕೊನೆಯ ಎಳೆ ಬಿಡಿಸಿದ ಹಾಗಾಯಿತು.

ಆದ್ದರಿಂದ ವಿಳಾಸದ ಕಾಲಂ ನನಗೆ ಸಣ್ಣ ವಿಷಯ ಅಲ್ಲ. ಕೊಪ್ಪದಿಂದ ಬಂದು ಹಾಸ್ಟೆಲಲ್ಲಿರುವ ಹುಡುಗನಿಗೆ ಎರಡೂ ದಾರಿ ಇದೆ. ಕಾಲೇಜಿನ ಮುಖ್ಯಸ್ಥರ ದೃಢೀಕರಣ ಕೊಟ್ಟು ಹಾಸ್ಟೆಲ್ ಇರುವಲ್ಲೇ ಸೇರಿಸಿಕೊಳ್ಳಬಹುದು, ಇಲ್ಲವೇ ಅಪ್ಪ ಅಮ್ಮ ಇರುವ ಮನೆಯಲ್ಲಿ ಇಟ್ಟುಕೊಳ್ಳಬಹುದು. ಎರಡು ಕಡೆ ಇಟ್ಟುಕೊಳ್ಳುವ ಹಾಗಿಲ್ಲ. ಅದು ಕಾನೂನಿಗೆ ವಿರುದ್ಧ. ನಾನು ಕೇಳುವುದು ಇಷ್ಟೇ: ಯಾವ ಊರಿನ ಕಷ್ಟ ಸುಖ ನಿನಗೆ ಗೊತ್ತು? ಯಾವ ಊರಿಗೆ ಚುನಾವಣೆ ದಿನ ಹೋಗಲಿಕ್ಕೆ ಆಗುತ್ತದೆ? ಪರೀಕ್ಷೆ ಇದ್ದರೆ ಏನು ಮಾಡುತ್ತೀಯ? ಅವರು ಯೋಚನೆ ಮಾಡುತ್ತಾರೆ. ಮನೆಗೆ ಫೋನ್ ಮಾಡಿ ಕೇಳುತ್ತಾರೆ. ಒಬ್ಬ ಹುಡುಗ ಎರಡು ದಿನ ಟೈಮ್ ತಗೊಂಡ. ಅಷ್ಟು ಯೋಚಿಸಿ ಬರೆದ ಹೆಸರನ್ನು ಯಾರೂ ಮರೆಯುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ತುಂಬಾ ಇದೆ. ಜನವರಿ ಒಂದಕ್ಕೆ ಹದಿನೆಂಟು ಆಗದಿದ್ದರೆ ಇನ್ನೊಂದು ವರ್ಷ ಕಾಯಬೇಕು ಅಂದುಕೊಂಡಿರುತ್ತಾರೆ. ಮೊದಲು ಹಾಗಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕೂ ತಿಂಗಳ ಒಂದನೇ ತಾರೀಖು ಲೆಕ್ಕಕ್ಕೆ ಬರುತ್ತದೆ. ಹದಿನೇಳು ತುಂಬಿದವರೂ ಮುಂಚೆಯೇ ಅರ್ಜಿ ಕೊಟ್ಟಿಡಬಹುದು. ಸೆಕೆಂಡ್ ಪಿಯುಸಿಯಲ್ಲೇ ಕೊಡಬಹುದು ಅಂತ ಆಯಿತಲ್ವಾ? ಮಗು ಊರು ಬಿಡುವ ಮೊದಲು. ನನ್ನ ಪ್ರಕಾರ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದರೆ ಉಳಿದದ್ದು ಹೇಳುತ್ತಾರೆ.

"ನನ್ನ ಒಂದು ವೋಟಿಂದ ಏನಾಗುತ್ತೆ ಮೇಡಂ?" ಈ ಪ್ರಶ್ನೆಯೂ ಪ್ರತಿ ವರ್ಷ ಬರುತ್ತದೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಯಾರು ಗೆದ್ದರೂ ನಾವು ರಾಗಿ ಬೀಸೋದು ತಪ್ಪುತ್ತಾ ಅಂತ ಮನೆಯಲ್ಲಿ ಹಿರಿಯರು ಹೇಳಿದ್ದನ್ನು ಕೇಳಿ ಬೆಳೆದಿರುತ್ತಾರೆ. ನಾನು ದೂರದ ಕಥೆ ಹೇಳುವುದಿಲ್ಲ. ನಮ್ಮದೇ ಜಿಲ್ಲೆಯ ಶೃಂಗೇರಿ ಕ್ಷೇತ್ರ ತಗೊಳ್ಳಿ. ನಾನು ಆ ಹಲಸಿನ ಮರದ ಶಾಲೆಯಲ್ಲಿ ಕೂತಿದ್ದ ಅದೇ ಚುನಾವಣೆ. ಎಣಿಕೆ ದಿನ ಅಲ್ಲಿ ಘೋಷಣೆಯಾದ ಅಂತರ 201 ಮತ. 201 ಅಂದರೆ ಎಷ್ಟು? ಬೆಳಿಗ್ಗೆ ನೀವು ಕಾಲೇಜಿಗೆ ಬರುವ ಕೆಂಪು ಬಸ್ಸು ಇದೆಯಲ್ಲ, ಅಂಥ ನಾಲ್ಕು ಬಸ್ಸಿನ ಸೀಟು ತುಂಬುವಷ್ಟು ಜನ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದ ಅಂತರದಲ್ಲಿ ಫಲಿತಾಂಶ ಬಂದದ್ದೂ ನಮ್ಮ ರಾಜ್ಯದಲ್ಲೇ. ಆದರೆ ಅಂತರ ಲಕ್ಷ ಇದ್ದರೂ ನನ್ನ ಉತ್ತರ ಬೇರೆ ಆಗುತ್ತಿರಲಿಲ್ಲ. ಒಂದು ಬೂತಿನಲ್ಲಿ ಹುಡುಗರು ಹುಡುಗಿಯರು ಎಷ್ಟು ಜನ ಇದ್ದಾರೆ, ಎಷ್ಟು ಜನ ಬರುತ್ತಾರೆ ಅನ್ನುವುದನ್ನು ಓಟು ಕೇಳುವವರು ಚೆನ್ನಾಗಿ ಲೆಕ್ಕ ಇಟ್ಟಿರುತ್ತಾರೆ. ಬಾರದವರ ಹಾಸ್ಟೆಲ್ಲಿಗೆ ನೀರು ಬರುತ್ತಿಲ್ಲ ಅಂದರೆ ಓಡಿ ಬರುವ ಅವಸರ ಯಾರಿಗಿದೆ?

ದುಡ್ಡಿನ ಮಾತು ಎತ್ತುವ ಮಕ್ಕಳೂ ಇದ್ದಾರೆ. "ನಮ್ಮ ಮನೇಲಿ ತಗೊಂಡ್ರು ಮೇಡಂ" ಅಂತ ಒಬ್ಬಳು ತಲೆ ತಗ್ಗಿಸಿ ಹೇಳಿದಳು. ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು, ಎರಡಕ್ಕೂ ಶಿಕ್ಷೆ ಇದೆ. ಅದನ್ನು ಹೇಳಿದೆ. ಆದರೆ ಆ ಮಗುವಿಗೆ ಅವಳ ತಾಯಿಯ ಮೇಲೆ ಅಸಹ್ಯ ಬರುವ ಹಾಗೆ ಮಾತಾಡಲು ನನಗೆ ಇಷ್ಟ ಇರಲಿಲ್ಲ. ಮರೆಯ ಒಳಗೆ ಹೋದ ಮೇಲೆ ನಿನ್ನ ಬೆರಳನ್ನು ನೋಡುವವರು ಯಾರೂ ಇಲ್ಲ ಅಂತ ಹೇಳಿದೆ. ಯಾರಿಗೆ ಒತ್ತಿದೆ ಅಂತ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ನಿನಗೊಬ್ಬಳಿಗೇ ಕಾಣುತ್ತದೆ, ಆಮೇಲೆ ಡಬ್ಬಿಗೆ ಬೀಳುತ್ತದೆ. ಬೂತಿನಲ್ಲಿ ದಿನವಿಡೀ ಕೂತವಳು ನಾನು. ನನಗೂ ಗೊತ್ತಾಗುವುದಿಲ್ಲ. ಯಾರೂ ಬೇಡ ಅನಿಸಿದರೆ 2013ರಿಂದ ನೋಟಾ ಇದೆ. ನೋಟಾಕ್ಕೆ ಎಷ್ಟೇ ಬಿದ್ದರೂ ಅಭ್ಯರ್ಥಿಗಳಲ್ಲಿ ಜಾಸ್ತಿ ಮತ ಬಂದವರೇ ಗೆಲ್ಲುತ್ತಾರೆ. ಅದನ್ನೂ ತಿಳಿದೇ ಒತ್ತಬೇಕು.

ಚಿಕ್ಕಮಗಳೂರಿನಲ್ಲಿ ಚುನಾವಣೆ ಅಂದರೆ ಹಿರಿಯರಿಗೆ ಮೊದಲು ನೆನಪಾಗುವುದು 1978ರ ನವೆಂಬರ್. ಇಂದಿರಾ ಗಾಂಧಿ ಇಲ್ಲಿಂದ ಉಪಚುನಾವಣೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟಿದ್ದರು. ಎದುರಿಗೆ ವೀರೇಂದ್ರ ಪಾಟೀಲರು. ದೇಶವೇ ಈ ಗುಡ್ಡಗಳ ಕಡೆ ನೋಡಿತು. ಇಂದಿರಾ ಗೆದ್ದರು. ಮುಂದಿನ ತಿಂಗಳೇ ಲೋಕಸಭೆ ಅವರ ಸದಸ್ಯತ್ವ ತೆಗೆದುಹಾಕಿತು. ನಮ್ಮ ಮಾವ ಆಗ ಡಿಗ್ರಿ ಓದುತ್ತಿದ್ದರು, ಹತ್ತೊಂಬತ್ತು ವರ್ಷ. ಭಾಷಣ ಕೇಳಲು ಸೈಕಲ್ಲಿನಲ್ಲಿ ಹೋಗಿದ್ದರಂತೆ. ಮತ ಹಾಕಲಿಲ್ಲ. ಯಾಕೆಂದರೆ ಆಗ ಮತದ ವಯಸ್ಸು ಇಪ್ಪತ್ತೊಂದು. "ಊರಿಗೆ ಊರೇ ಹಬ್ಬ ಮಾಡ್ತಿತ್ತು ಕಣಮ್ಮ, ನಾವು ಹುಡುಗರು ಹೊರಗೆ ನಿಂತು ನೋಡಿದ್ವಿ" ಅಂತ ಈಗಲೂ ಹೇಳುತ್ತಾರೆ. ಸಂವಿಧಾನದ 61ನೇ ತಿದ್ದುಪಡಿ ಬಂದು, 1989ರ ಮಾರ್ಚಿನಿಂದ ವಯಸ್ಸು ಹದಿನೆಂಟಾಯಿತು. ನನ್ನ ವಿದ್ಯಾರ್ಥಿಗಳು ಇದನ್ನು ಹುಟ್ಟಿನಿಂದಲೇ ಬಂದ ಹಕ್ಕು ಅಂದುಕೊಂಡಿದ್ದಾರೆ. ಮಾವನನ್ನು ಒಮ್ಮೆ ಕ್ಲಾಸಿಗೆ ಕರೆದುಕೊಂಡು ಹೋಗಿ ಮಾತಾಡಿಸಬೇಕು ಅಂತಿದ್ದೇನೆ.

ಆ ಚುನಾವಣೆಯಿಂದ ನಾನು ಮಕ್ಕಳಿಗೆ ತೋರಿಸುವ ಇನ್ನೊಂದು ವಿಷಯ ಇದೆ. ಲೋಕಸಭೆಗೆ ನಿಲ್ಲುವವರು ದೇಶದ ಯಾವ ಊರಿನ ಮತದಾರರಾದರೂ ಸರಿ, ಎಲ್ಲಿಂದ ಬೇಕಾದರೂ ನಿಲ್ಲಬಹುದು. ಮತ ಹಾಕುವವರಿಗೆ ಮಾತ್ರ ಆ ಸೌಲಭ್ಯ ಇಲ್ಲ. ನಾಯಕರು ಬರುತ್ತಾರೆ, ಹೋಗುತ್ತಾರೆ. ಮತದಾರರು ಆ ಊರಿನಲ್ಲೇ ಇರುತ್ತಾರೆ.

ಆ ಊರಿನಲ್ಲಿ ಇರುವುದು ಅಂದರೆ ಏನು ಅಂತ ನನಗೆ ಕಲಿಸಿದ್ದು ಎನ್‌ಎಸ್‌ಎಸ್ ಕ್ಯಾಂಪು. ಏಳು ದಿನದ ಶಿಬಿರಕ್ಕೆ ಒಂದು ಹಳ್ಳಿಗೆ ಹೋಗಿದ್ದೆವು. ಅದೇ ವಾರ ಅಲ್ಲಿ ಗ್ರಾಮಸಭೆ ಇತ್ತು. ಮಕ್ಕಳನ್ನು ಕರೆದುಕೊಂಡು ಹೋಗಿ ಹಿಂದೆ ಕೂರಿಸಿದೆ. ನಮ್ಮ ತಂಡದಲ್ಲಿ ಅದೇ ಪಂಚಾಯಿತಿಯ ಒಬ್ಬ ಹುಡುಗಿ ಇದ್ದಳು. ಅವಳ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಬರಲು ಒಂದು ಹಳ್ಳ ದಾಟಬೇಕು. ಅಡಿಕೆ ಮರದ ಕಾಲುಸಂಕ. ಜೂನ್‌ನಿಂದ ಸೆಪ್ಟೆಂಬರ್ ತನಕ ಅವಳು ಎಷ್ಟು ದಿನ ಕ್ಲಾಸಿಗೆ ಬರುವುದಿಲ್ಲ ಅಂತ ನನ್ನ ಹಾಜರಿ ಪುಸ್ತಕಕ್ಕೆ ಗೊತ್ತಿತ್ತು. ಯಾಕೆ ಅಂತ ನಾನು ಕೇಳಿರಲಿಲ್ಲ. ಆ ತಪ್ಪು ನನ್ನದು.

"ಗ್ರಾಮಸಭೇಲಿ ಮಾತಾಡಕ್ಕೆ ಯಾರ್ಯಾರಿಗೆ ಪರ್ಮಿಶನ್ ಇದೆ ಮೇಡಂ?" ಅಂತ ಕಿವಿಯಲ್ಲಿ ಕೇಳಿದಳು.

"ನಿನ್ನ ಹೆಸರು ಇಲ್ಲಿಯ ವೋಟರ್ ಲಿಸ್ಟಲ್ಲಿ ಇದೆಯಾ?"

"ಇದೆ."

"ಹಾಗಾದರೆ ನೀನು ಗ್ರಾಮಸಭೆಯ ಸದಸ್ಯೆ. ಯಾರ ಪರ್ಮಿಶನ್ನೂ ಬೇಡ."

ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಪಂಚಾಯಿತಿಯ ಸದಸ್ಯರಾಗಲು ಗೆಲ್ಲಬೇಕು. ಗ್ರಾಮಸಭೆಯ ಸದಸ್ಯರಾಗಲು ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಅವಳು ಎದ್ದು ನಿಂತಳು. ಧ್ವನಿ ನಡುಗುತ್ತಿತ್ತು. ಕಾಲುಸಂಕದ ಮೇಲೆ ಎಷ್ಟು ಮನೆಯವರು ಓಡಾಡುತ್ತಾರೆ, ಅದರಲ್ಲಿ ಶಾಲೆ ಮಕ್ಕಳೆಷ್ಟು, ಹೋದ ಮಳೆಗಾಲದಲ್ಲಿ ಎಷ್ಟು ಸಲ ಕೊಚ್ಚಿಹೋಯಿತು ಎಲ್ಲ ಹೇಳಿದಳು. ಅಂಕಿ ಸಮೇತ ಹೇಳಿದಳು. ಒಬ್ಬ ಹಿರಿಯರು "ಯಾರ ಮಗಳಮ್ಮ ನೀನು?" ಅಂತ ಕೇಳಿದರು. ಅಪ್ಪನ ಹೆಸರು ಹೇಳಿ, ಆಮೇಲೆ ತನ್ನ ಹೆಸರನ್ನೂ ಹೇಳಿದಳು. ಪಂಚಾಯಿತಿಯ ಅಧಿಕಾರಿ ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಅವಳು ಹತ್ತಿರ ಹೋಗಿ, ಬರೆದದ್ದನ್ನು ಓದಿ ನೋಡಿ ಬಂದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಕಾಲುಸಂಕದ ಜಾಗದಲ್ಲಿ ಆಗಬೇಕಾದ ಮೋರಿ ಇನ್ನೂ ಆಗಿಲ್ಲ. ಕ್ರಿಯಾಯೋಜನೆಯಲ್ಲಿ ಸೇರಿದೆ. ಅನುದಾನದ ವಿಷಯ ತಿಳಿಯಲು ಅವಳೇ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದಳು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಇಪ್ಪತ್ತೆಂಟನೇ ದಿನ ಉತ್ತರ ಬಂತು. ಆ ಕಾಗದವನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಟ್ಟುಕೊಂಡಿದ್ದಾಳೆ.

ನಾವು ದೊಡ್ಡವರು ಈ ಮಕ್ಕಳಿಗೆ ಅಭ್ಯಾಸಕ್ಕೆ ಜಾಗ ಕೊಟ್ಟಿದ್ದೇವಾ ಅನ್ನುವುದೂ ನನ್ನನ್ನು ಕಾಡುತ್ತದೆ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ದಶಕಗಳಾದವು. ಗಲಾಟೆ ಆಗುತ್ತದೆ ಅಂತ ನಿಲ್ಲಿಸಿದರು. ಗಲಾಟೆಯ ಭಯ ನನಗೂ ಅರ್ಥ ಆಗುತ್ತದೆ. ಆದರೆ ಸೋಲುವುದು, ಗೆಲ್ಲುವುದು, ಸೋತವನ ಹೆಗಲ ಮೇಲೆ ಕೈ ಹಾಕುವುದು, ಇದನ್ನೆಲ್ಲ ಎಲ್ಲಿ ಕಲಿಯಬೇಕು? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳನ್ನೇ ನೋಡಿ. 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆದಿತ್ತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿ ಬಿದ್ದವು. ಆ ವರ್ಷಗಳಲ್ಲಿ ಹದಿನೆಂಟು ತುಂಬಿದ ನನ್ನ ಎಷ್ಟೋ ವಿದ್ಯಾರ್ಥಿಗಳು ಜಿಲ್ಲಾ ಪಂಚಾಯಿತಿಗೆ ಒಮ್ಮೆಯೂ ಮತ ಹಾಕದೆ ಡಿಗ್ರಿ ಮುಗಿಸಿ ಹೋದರು. ಯುವಕರಿಗೆ ಆಸಕ್ತಿ ಇಲ್ಲ ಅನ್ನುವ ಮಾತನ್ನು ಕೇಳಿದಾಗ ನನಗೆ ಇದು ನೆನಪಾಗಿ ನೋವಾಗುತ್ತದೆ.

ಹೋದ ವರ್ಷ ಫಾರಂ ತುಂಬಿಸುವಾಗ ಬಿ.ಎ. ಮೊದಲ ವರ್ಷದ ಒಬ್ಬ ಹುಡುಗಿ ಎಲ್ಲರೂ ಹೋಗುವ ತನಕ ಕಾದು ಕೂತಿದ್ದಳು. ವಿಳಾಸದ ಕಾಲಂ ಖಾಲಿ. ಅಪ್ಪ ಅಮ್ಮ ತೋಟದ ಕೆಲಸದವರು. ಮೂರು ವರ್ಷ ಒಂದು ಎಸ್ಟೇಟು, ಎರಡು ವರ್ಷ ಇನ್ನೊಂದು. ಅಜ್ಜನ ಕಾಲದ ಊರು ಬೇರೆ ಜಿಲ್ಲೆಯಲ್ಲಿದೆ. ಅಲ್ಲಿ ಈಗ ಮನೆಯೂ ಇಲ್ಲ, ನೆಂಟರೂ ಇಲ್ಲ.

"ನಮ್ಮ ಊರು ಅಂತ ಯಾವುದು ಬರೀಲಿ ಮೇಡಂ? ಈಗಿರೋದು ಲೈನ್ ಮನೆ. ನಮ್ದಲ್ಲ."

ಸಾಮಾನ್ಯ ನಿವಾಸಿ ಅನ್ನುವ ಮಾತನ್ನು ಅವಳಿಗೆ ಇನ್ನೊಮ್ಮೆ ಬಿಡಿಸಿ ಹೇಳಿದೆ. ಮನೆ ಯಾರದ್ದು ಅಂತ ಫಾರಂ ಕೇಳುವುದಿಲ್ಲ, ನೀನು ಎಲ್ಲಿರುತ್ತೀಯ ಅಂತ ಕೇಳುತ್ತದೆ ಅಂದೆ. ನಾಳೆ ಎಸ್ಟೇಟು ಬದಲಾದರೆ ಫಾರಂ 8 ಇದೆ, ನಾನಿದ್ದೇನೆ ಅಂದೆ. ಅವಳು ಎಸ್ಟೇಟಿನ ಹೆಸರು ಬರೆದಳು. ಅಲ್ಪವಿರಾಮ ಹಾಕಿ ಲೈನ್ ಮನೆಯ ನಂಬರ್ ಬರೆದಳು. ಅಂಚೆ ಕಚೇರಿ, ಪಿನ್ ಕೋಡ್ ಬರೆದಳು. ಅಕ್ಷರ ಒಂದೊಂದೂ ಗುಂಡಗಿತ್ತು.

ಎರಡು ವಾರ ಬಿಟ್ಟು ಫೋನ್ ಬಂತು. ಬಿಎಲ್‌ಒ ಲೈನ್ ಮನೆಗೆ ಬಂದು ವಿಚಾರಿಸಿಕೊಂಡು ಹೋಗಿದ್ದರಂತೆ. ಅದೇ ಗಳಿಗೆಯಲ್ಲಿ ಅವಳ ಅಮ್ಮನೂ ತನ್ನ ಹೆಸರು ಪಟ್ಟಿಯಲ್ಲಿ ಇಲ್ಲ ಅಂತ ಹೇಳಿಕೊಂಡರಂತೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

"ಅಮ್ಮಂಗೂ ಒಂದು ಫಾರಂ ಬೇಕಿತ್ತು ಮೇಡಂ" ಅಂದಳು. "ಪಕ್ಕದ ಮನೆಯವರೂ ಕೇಳ್ತಿದ್ದಾರೆ. ಒಂದು ಆರು ತಂದ್ಕೊಡ್ತೀರಾ?"

ಸೋಮವಾರ ಹತ್ತು ತಗೊಂಡು ಹೋದೆ.